ಅಂಗಡಿಗೆ ಬಂದ ಕಾನೂನು ಮಹಡಿ ಹತ್ತಲಿಲ್ಲ!

ತುಮಕೂರು: "ನಿಮ್ ಮನೆದೇವ್ರು ಯಾವ್ದು?"

ಬಾಡಿಗೆ ಮನೆ ಹುಡುಕಿಕೊಂಡು ಬೀದಿ ಅಲೆದವರಿಗೆ ಈ ಪ್ರಶ್ನೆ ಹೊಸದಲ್ಲ. ನಲ್ಲಿ ನೀರು ಯಾವಾಗ ಬರುತ್ತೆ, ಕರೆಂಟ್ ಮೀಟರ್ ಬೇರೆ ಇದೆಯೋ ಇಲ್ಲವೋ, ಗಾಡಿ ನಿಲ್ಲಿಸಲು ಜಾಗ ಇದೆಯೋ ಅಂತ ನಾವು ಹತ್ತು ಪ್ರಶ್ನೆ ಕೇಳುತ್ತೇವೆ. ಮನೆಯವರು ಕೇಳುವುದು ಮೂರೇ. ಏನು ಕೆಲಸ? ಎಷ್ಟು ಜನ? ಮನೆದೇವರು ಯಾವುದು? ಮೊದಲೆರಡರಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದರೂ ನಡೆಯುತ್ತೆ. ಮೂರನೆಯದರಲ್ಲಿ ಪಾಸಾದವನಿಗೇ ಬೀಗದ ಕೈ.

ಮುಖಕ್ಕೆ ಹೊಡೆದ ಹಾಗೆ ಜಾತಿ ಕೇಳಬಾರದು ಅನ್ನೋದು ನಮ್ಮೂರ ಜನಕ್ಕೆ ಗೊತ್ತು. ಅದಕ್ಕೇ ದೇವರನ್ನು ಮುಂದೆ ಬಿಟ್ಟಿದ್ದಾರೆ.

ಮಧುಗಿರಿಯಿಂದ ಕೊರಟಗೆರೆ ಮೇಲೆ ತುಮಕೂರಿಗೆ ಬರುವ ಬೆಳಗಿನ ಬಸ್ಸಿನಲ್ಲಿ ನೀವು ಓಡಾಡುವವರಾದರೆ ಈ ಯುವಕನನ್ನು ನೋಡಿರುತ್ತೀರಿ. ಕಿಟಕಿ ಪಕ್ಕ ಕೂತು ಅರ್ಧ ದಾರಿ ನಿದ್ದೆ ಮಾಡುತ್ತಾನೆ. ಇಲ್ಲಿನ ಒಂದು ಸರ್ಕಾರಿ ಕಚೇರಿಯಲ್ಲಿ ಎಸ್.ಡಿ.ಎ. ಕೆಲಸ. ವರ್ಗವಾಗಿ ಬಂದು ಎಂಟು ತಿಂಗಳಾಯಿತು. ತಿಂಗಳು ತಿಂಗಳು ತಪ್ಪದ ಸಂಬಳ, ಬೀಡಿ ಸಿಗರೇಟಿಲ್ಲ, ಹೆಂಡತಿ, ಒಬ್ಬಳು ಮಗಳು. ಯಾವ ಮನೆ ಮಾಲೀಕನಾದರೂ ಕರೆದು ಕೂರಿಸಬೇಕಾದ ಗಿರಾಕಿ. ಹೆಂಡತಿಗೆ ಈಗ ಐದು ತಿಂಗಳು. ಮಗಳನ್ನು ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಸೇರಿಸಬೇಕು. ಅಷ್ಟರೊಳಗೆ ಊರಲ್ಲೊಂದು ಮನೆ ಮಾಡಲೇಬೇಕು.

ಹೆಸರು ಬೇಡ ಸಾರ್ ಅಂದರು. ಹಾಕಿಲ್ಲ.

ಒಂದು ಭಾನುವಾರ ಹಾರ್ಡ್‌ವೇರ್ ಅಂಗಡಿಯೊಂದರ ಮೇಲೆ 'ಟು ಲೆಟ್' ಬೋರ್ಡ್ ಕಂಡಿತಂತೆ. ಅಂಗಡಿ ಮಾಲೀಕರೇ ಮನೆ ಮಾಲೀಕರು. ಒಳ್ಳೆ ಮನುಷ್ಯ, ತಾವೇ ಮೇಲೆ ಹತ್ತಿಸಿಕೊಂಡು ಹೋಗಿ ಎರಡು ರೂಮು, ಅಡುಗೆಮನೆ, ಸಂಪು ಎಲ್ಲ ತೋರಿಸಿದರು. ಬಾಡಿಗೆ 7 ಸಾವಿರ, ಅಡ್ವಾನ್ಸ್ 50 ಸಾವಿರ. ಮಾತು ಮುಗಿಯಿತು. "ನಾಳೆ ಟೋಕನ್ ಕೊಟ್ಬಿಡಿ, ಬೋರ್ಡ್ ತೆಗೆಸ್ತೀನಿ" ಅಂದರು.

ಮೆಟ್ಟಿಲು ಇಳಿಯುವಾಗ ತುಳಸಿ ಕಟ್ಟೆ ಹತ್ತಿರ ಕೂತಿದ್ದ ಮಾಲೀಕರ ತಾಯಿ ಕೇಳಿದರು.

"ಮನೆದೇವ್ರು ಯಾವ್ದಪ್ಪಾ?"

ಹೇಳಿದರು. ಅಜ್ಜಿಗೆ ಅಷ್ಟರಲ್ಲಿ ಬಗೆಹರಿಯಲಿಲ್ಲ. ಆ ದೇವರಿಗೆ ಒಕ್ಕಲು ಹತ್ತು ಜಾತಿ.

"ಯಾವೂರು? ಊರೊಳಗ್ಲವ್ರೋ, ಕೇರಿ ಕಡೆಯವ್ರೋ?"

"ಸುಳ್ಳು ಹೇಳ್ಬಹುದಿತ್ತು ಸಾರ್. ನಾಳೆ ನಮ್ಮಪ್ಪ ಬಂದ್ರೆ? ನೆಂಟ್ರು ಬಂದ್ರೆ? ದಿನಾ ಹೆದರ್ಕೊಂಡು ಯಾಕ್ ಬದುಕ್ಬೇಕು?" ಅಂತ ಇದ್ದದ್ದು ಇದ್ದ ಹಾಗೆ ಹೇಳಿದರು.

ಸಂಜೆ ಮಾಲೀಕರ ಫೋನು. "ಬೇಜಾರ್ ಮಾಡ್ಕೋಬೇಡಿ. ನಮ್ಮಕ್ಕನ ಮಗ ಇಲ್ಲೇ ಬರ್ತಾನಂತೆ. ಮನೆ ಅವ್ನಿಗೇ ಬೇಕಂತೆ."

ಇದನ್ನು ಹೇಳುವಾಗ ಆ ಯುವಕ ನಕ್ಕರು. "ಇವ್ನು ಏಳನೇ ಅಕ್ಕನ ಮಗ ಸಾರ್. ನಾನು ನೋಡಿದ ಏಳು ಮನೆಗೂ ಅಕ್ಕನ ಮಕ್ಳೇ ಬಂದವ್ರೆ. ತುಮಕೂರಿನ ತುಂಬಾ ಬರೀ ಅಕ್ಕನ ಮಕ್ಳು!"

ನಾಲ್ಕು ದಿನ ಬಿಟ್ಟು ನಾನು ಆ ಬೀದಿಯಲ್ಲಿ ಹೋದೆ. ಬೋರ್ಡ್ ಹಾಗೇ ಇತ್ತು. ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. "ಖಾಲಿ ಇದೆ, ಬನ್ನಿ ಬನ್ನಿ. ಅಂದ ಹಾಗೆ ನೀವು ಯಾವ ಕಡೆಯವ್ರು?" ಅಂದರು. ನಮ್ಮ ಮನೆದೇವರ ಹೆಸರು ಹೇಳಿದೆ. "ಓ, ಹಂಗಾದ್ರೆ ನಮ್ಮವ್ರೇ ಅನ್ನಿ!" ಅಕ್ಕನ ಮಗನ ಸುದ್ದಿಯೇ ಇಲ್ಲ.

ಇಲ್ಲಿ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಹನ್ನೊಂದು ವರ್ಷದ ಕೆಳಗೆ ನಾನು ಈಗಿರುವ ಮನೆ ಕೇಳಲು ಹೋದಾಗಲೂ ಇದೇ ಪ್ರಶ್ನೆ ಬಂದಿತ್ತು. ಉತ್ತರ ಹೇಳಿದ ಕೂಡಲೇ ಮನೆಯಾಕೆಯ ಮುಖ ಅರಳಿ ಬೀಗದ ಕೈ ಬಂತು, ಹಿಂದೆಯೇ ಕಾಫಿಯೂ ಬಂತು. ಕಾಫಿ ಕುಡಿದೆ. ನನಗಿಂತ ಮುಂಚೆ ಆ ಮನೆ ಕೇಳಿ ಯಾರು ವಾಪಸು ಹೋಗಿದ್ದರೋ ಅಂತ ಆವತ್ತು ನನಗೆ ಹೊಳೆಯಲೇ ಇಲ್ಲ.

ಅಂಗಡಿ ಬೇರೆ, ಮನೆ ಬೇರೆಯೇ?

ಇದಕ್ಕೆಲ್ಲ ಕಾನೂನು ಇಲ್ಲವೇ ಅಂತ ಕೇಳುತ್ತೀರಿ. ನಾನೂ ಅದನ್ನೇ ಕೇಳಿಕೊಂಡು ಕೋರ್ಟಿನ ಹತ್ತಿರ ಹೋದೆ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನು ನಾನು. ಕಾಯ್ದೆ ಪುಸ್ತಕದ ಒಂದು ವಾಕ್ಯ ಓದಿ ಮುಗಿಸುವಷ್ಟರಲ್ಲಿ ಮೊದಲು ಏನಿತ್ತು ಅಂತ ಮರೆತು ಹೋಗುತ್ತೆ. ವಕೀಲ ಮಿತ್ರರೊಬ್ಬರು ಎರಡು ಸಂಜೆ ಕೂತು ಬಿಡಿಸಿ ಹೇಳಿದರು. ನನ್ನ ತಲೆಗೆ ಹೋದಷ್ಟನ್ನು ನಿಮಗೆ ಹೇಳುತ್ತೇನೆ.

ಅಂಗಡಿ ಇಟ್ಟುಕೊಂಡವರು ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ನಿಮ್ಮ ಹೆಸರೇ ಇದರಲ್ಲಿದೆ. ನಮ್ಮ ಸಂವಿಧಾನದ 15ನೇ ವಿಧಿಯ 2ನೇ ಭಾಗ ಏನು ಹೇಳುತ್ತೆ ಅಂದರೆ, ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರು ಇವಿಷ್ಟರ ಕಾರಣಕ್ಕೆ ಯಾವ ಪ್ರಜೆಯನ್ನೂ ಅಂಗಡಿಗೆ, ಹೋಟೆಲಿಗೆ, ಮನರಂಜನೆಯ ಜಾಗಕ್ಕೆ ಬಾರದಂತೆ ತಡೆಯುವ ಹಾಗಿಲ್ಲ. ಸರ್ಕಾರದ ದುಡ್ಡಿನಲ್ಲಿ ನಡೆಯುವ ಇಲ್ಲವೇ ಜನರ ಬಳಕೆಗೆ ಬಿಟ್ಟಿರುವ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳಿಗೂ ಇದೇ ಮಾತು. ಸಂವಿಧಾನದ ಹಕ್ಕುಗಳಲ್ಲಿ ಬಹಳಷ್ಟು ಸರ್ಕಾರದ ಕೈಕಟ್ಟುವಂಥವು. ಇದು ಹಾಗಲ್ಲ. ನಿಮ್ಮ ನಮ್ಮಂಥ ಖಾಸಗಿ ಜನರಿಗೂ ನೇರವಾಗಿ ತಾಗುತ್ತೆ.

ಪಟ್ಟಿಯಲ್ಲಿ ಅಂಗಡಿ ಇದೆ. ಬಾಡಿಗೆ ಮನೆ ಇಲ್ಲ!

ಅಂದರೆ ಕೆಳಗಿನ ಹಾರ್ಡ್‌ವೇರ್ ಅಂಗಡಿಗೆ ಆ ಎಸ್.ಡಿ.ಎ. ಯುವಕ ಬಂದು ಕಾಲು ಕೆ.ಜಿ. ಮೊಳೆ ಕೇಳಿದರೆ ಕೊಡಬೇಕು. ಅದೇ ಮನುಷ್ಯ ಅದೇ ಮಾಲೀಕನನ್ನು ಹದಿನೆಂಟು ಮೆಟ್ಟಿಲ ಮೇಲಿನ ಮನೆ ಕೇಳಿದರೆ ಸಂವಿಧಾನದ ಆ ಸಾಲು ಮೆಟ್ಟಿಲ ಬುಡದಲ್ಲೇ ನಿಂತುಬಿಡುತ್ತೆ.

ಹಾಗಂತ ಖಡಾಖಂಡಿತ ಹೇಳುವ ಹಾಗೂ ಇಲ್ಲ ಅನ್ನುತ್ತಾರೆ ವಕೀಲರು. 1948ರ ನವೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಈ ವಿಧಿ ಚರ್ಚೆಗೆ ಬಂದಾಗ, ಅಂಗಡಿ ಅಂದರೆ ಬಟ್ಟೆ ಒಗೆಯುವ ಲಾಂಡ್ರಿ, ಕ್ಷೌರದ ಸೆಲೂನ್ ಎಲ್ಲ ಸೇರುತ್ತದೆಯೇ ಅಂತ ಸದಸ್ಯರೊಬ್ಬರು ಕೇಳಿದರು. ಡಾ. ಅಂಬೇಡ್ಕರ್ ಆ ಪದವನ್ನು ವಿಶಾಲ ಅರ್ಥದಲ್ಲೇ ಬಳಸಿದೆ, ಸೇವೆ ಒದಗಿಸುವವರೂ ಅದರಲ್ಲಿ ಬರುತ್ತಾರೆ ಅಂತ ಉತ್ತರ ಕೊಟ್ಟರು. 2011ರಲ್ಲಿ ಸುಪ್ರೀಂ ಕೋರ್ಟು ಸೇನೆಯವರ ವೈದ್ಯಕೀಯ ಕಾಲೇಜಿನ ಸೀಟುಗಳ ಕೇಸಿನಲ್ಲಿ ಇದೇ ಮಾತನ್ನು ಎತ್ತಿಕೊಂಡು, 'ಅಂಗಡಿ' ಅನ್ನುವ ಪದದಡಿ ಖಾಸಗಿ ಶಿಕ್ಷಣ ಸಂಸ್ಥೆಯೂ ಬರುತ್ತೆ ಅಂದಿತು. ಕಾಲೇಜು ಅಂಗಡಿಯಾದ ಮೇಲೆ ಬೋರ್ಡ್ ಹಾಕಿ ಬಾಡಿಗೆಗೆ ಬಿಟ್ಟ ಮನೆ ಯಾಕಾಗಬಾರದು? ವಾದ ಗಟ್ಟಿಯಾಗಿದೆ. ಆದರೆ ವಾದ ವಾದವೇ.

ಇನ್ನೊಂದು ಕಡೆ, 2005ರಲ್ಲಿ ಅಹಮದಾಬಾದಿನ ಪಾರ್ಸಿ ಗೃಹ ನಿರ್ಮಾಣ ಸಹಕಾರ ಸಂಘದ ಕೇಸಿನಲ್ಲಿ ಇದೇ ಸುಪ್ರೀಂ ಕೋರ್ಟು, ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಅನ್ನುವ ಸಂಘದ ಬೈಲಾ ಊರ್ಜಿತ ಅಂತ ತೀರ್ಪು ಕೊಟ್ಟಿದೆ. ಜನ ತಮಗೆ ಬೇಕಾದವರ ಜೊತೆ ಸಂಘ ಕಟ್ಟಿಕೊಳ್ಳುವ ಸ್ವಾತಂತ್ರ್ಯ ಅಂತ ಕಾರಣ. ಅದು ಸಹಕಾರ ಸಂಘದ ಮಾತು, ಒಂಟಿ ಮನೆಯ ಬಾಡಿಗೆಯ ಮಾತಲ್ಲ ನಿಜ. ಆದರೂ ಮಾಲೀಕರ ಪರ ವಕೀಲರು ಮೊದಲು ತೆಗೆಯುವ ಕಾಗದ ಇದೇ.

ಪಾರ್ಸಿ ಅಂದಾಗ ನೆನಪಾಯಿತು. ಬಾಡಿಗೆಗೆ ಜಾಗ ಸಿಗದೆ ಒದ್ದಾಡಿದವರ ಪೈಕಿ ನಮಗೆಲ್ಲ ಗೊತ್ತಿರುವ ದೊಡ್ಡ ಹೆಸರು ಅಂಬೇಡ್ಕರರದ್ದೇ. 1917ರಲ್ಲಿ ಅಮೆರಿಕ, ಲಂಡನ್ನಿನಲ್ಲಿ ಓದಿ ಬಂದು ಬರೋಡ ಸಂಸ್ಥಾನದ ಕೆಲಸಕ್ಕೆ ಸೇರಿದ ಮನುಷ್ಯ. ಹಿಂದೂ ಹೋಟೆಲುಗಳಲ್ಲಿ ಜಾಗ ಇಲ್ಲ. ಪಾರ್ಸಿ ಛತ್ರವೊಂದರಲ್ಲಿ ದಿನಕ್ಕೆ ಒಂದೂವರೆ ರೂಪಾಯಿಗೆ, ಪಾರ್ಸಿ ಹೆಸರು ಬರೆಸಿ ಉಳಿದರು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಪಾರ್ಸಿಗಳ ಗುಂಪು ಬಂದು ಸಂಜೆಯೊಳಗೆ ಖಾಲಿ ಮಾಡು ಅಂತ ಗದರಿಸಿತು. ಹಿಂದೂ ಗೆಳೆಯನ ಮನೆ ಕೇಳಿದರು, ಕ್ರೈಸ್ತ ಗೆಳೆಯನ ಮನೆ ಕೇಳಿದರು. ಇಬ್ಬರ ಹತ್ತಿರವೂ ಒಂದೊಂದು ನೆಪ. ಕೊನೆಗೆ ಊರಿನ ಉದ್ಯಾನದಲ್ಲಿ ಕೂತು ಹೊತ್ತು ಕಳೆದು ರಾತ್ರಿಯ ಬೊಂಬಾಯಿ ರೈಲು ಹತ್ತಿದರು. ಇದನ್ನು ಅವರೇ ಬರೆದಿಟ್ಟಿದ್ದಾರೆ. ಆವತ್ತಿನ ಆ ಗೆಳೆಯರ ನೆಪಕ್ಕೂ ಇವತ್ತಿನ ಅಕ್ಕನ ಮಗನಿಗೂ ಏನು ವ್ಯತ್ಯಾಸ ನೀವೇ ಹೇಳಿ.

ಹಲ್ಲಿರುವ ಕಾಯ್ದೆ ಇದೆ, ಕಚ್ಚುವವರಿಲ್ಲ

ಈಗ ಮುಖ್ಯ ವಿಷಯ. ಪರಿಶಿಷ್ಟ ಜಾತಿಯವರ ಮಟ್ಟಿಗೆ ಕಾನೂನು ಸುಮ್ಮನೆ ಕೂತಿಲ್ಲ. ಇದು ಬಹಳ ಮಾಲೀಕರಿಗೂ ಗೊತ್ತಿಲ್ಲ, ಬಾಡಿಗೆದಾರರಿಗೂ ಗೊತ್ತಿಲ್ಲ. ನಾನು ಕೇಳಿದ ಪೊಲೀಸಿನವರೊಬ್ಬರಿಗೂ ಗೊತ್ತಿರಲಿಲ್ಲ!

1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂತು. 1976ರ ತಿದ್ದುಪಡಿಯಲ್ಲಿ ಅದನ್ನು ಬಿಗಿ ಮಾಡಿ 'ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ' ಅಂತ ಹೆಸರು ಬದಲಾಯಿಸಿದರು. ಅದರ 4ನೇ ಕಲಮಿನಲ್ಲಿ ಒಂದು ಪಟ್ಟಿ ಇದೆ. ಅಂಗಡಿ, ಹೋಟೆಲು, ಬಾವಿ, ಬಸ್ಸು ಎಲ್ಲ ಆದಮೇಲೆ ಎಂಟನೆಯದಾಗಿ ವಾಸದ ಮನೆ ಬರುತ್ತೆ. ಯಾವುದೇ ಬಡಾವಣೆಯಲ್ಲಿ ವಾಸದ ಮನೆ ಕಟ್ಟಲು, ಪಡೆಯಲು, ಅದರಲ್ಲಿ ವಾಸ ಮಾಡಲು ಅಸ್ಪೃಶ್ಯತೆಯ ಕಾರಣಕ್ಕೆ ಅಡ್ಡಿ ಮಾಡಿದರೆ ಅಪರಾಧ. ಶಿಕ್ಷೆ ಒಂದು ತಿಂಗಳಿಗೆ ಕಡಿಮೆ ಇಲ್ಲದೆ ಆರು ತಿಂಗಳವರೆಗೆ ಜೈಲು, ಜೊತೆಗೆ 100ರಿಂದ 500 ರೂಪಾಯಿ ದಂಡ. ದಂಡ ಕೇಳಿ ನಗಬೇಡಿ. 500 ರೂಪಾಯಿಗೆ ಈಗ ಬ್ರೋಕರ್ ಮನೆ ತೋರಿಸಲು ಗಾಡಿ ಸ್ಟಾರ್ಟ್ ಮಾಡುವುದಿಲ್ಲ. ಆದರೆ ಜೈಲು ಜೈಲೇ ಅಲ್ಲವೇ? ಒಂದು ತಿಂಗಳಾದರೂ ಅಂಗಡಿ ಬಾಗಿಲು ಯಾರು ತೆಗೆಯುವುದು?

ಅದೇ ಕಾಯ್ದೆಯ 7ನೇ ಕಲಮಿನಲ್ಲಿ, ಹಕ್ಕು ಚಲಾಯಿಸಿದ ಅಂತ ಯಾರಿಗಾದರೂ ಬಹಿಷ್ಕಾರ ಹಾಕುವುದೂ ಅಪರಾಧ. ಬಹಿಷ್ಕಾರ ಅಂದರೇನು ಅಂತ ವಿವರಿಸುವಾಗ, ಮನೆಯನ್ನೋ ಜಮೀನನ್ನೋ ಬಾಡಿಗೆಗೆ ಕೊಡಲು ಒಪ್ಪದಿರುವುದನ್ನೂ ಹೆಸರಿಟ್ಟು ಬರೆದಿದ್ದಾರೆ.

ಆದರೆ ಮಾಲೀಕ ಜಾತಿ ಅಂತ ಎಲ್ಲಿ ಬಾಯಿಬಿಟ್ಟ? ಅಕ್ಕನ ಮಗ ಅಂದನಲ್ಲ! ಸಾಬೀತು ಮಾಡೋದು ಹೇಗೆ?

ಇಲ್ಲಿದೆ ನೋಡಿ ಸ್ವಾರಸ್ಯ. ಕಾಯ್ದೆ ಬರೆದವರು ಈ ಅಕ್ಕನ ಮಗನನ್ನು ಮೊದಲೇ ಕಂಡಿದ್ದರು ಅಂತ ಕಾಣುತ್ತೆ. 12ನೇ ಕಲಮು ಅವನಿಗಾಗಿಯೇ ಇದೆ. ಅಪರಾಧ ಅನ್ನಿಸಿಕೊಳ್ಳುವ ಕೃತ್ಯ ಪರಿಶಿಷ್ಟ ಜಾತಿಯವರ ವಿರುದ್ಧ ನಡೆದಿದ್ದರೆ, ಅದು ಅಸ್ಪೃಶ್ಯತೆಯ ಕಾರಣಕ್ಕೇ ನಡೆಯಿತು ಅಂತ ಕೋರ್ಟು ಭಾವಿಸತಕ್ಕದ್ದು, ಅಲ್ಲ ಅಂತ ಆರೋಪಿಯೇ ತೋರಿಸಬೇಕು. ಮನೆ ಕೇಳಿದ್ದು, ಮಾತಾಗಿದ್ದು, ಆಮೇಲೆ ನಿರಾಕರಿಸಿದ್ದು ಇಷ್ಟನ್ನು ದೂರುದಾರ ತೋರಿಸಿದರೆ, ಅಕ್ಕನ ಮಗನನ್ನು ಕಟಕಟೆಗೆ ಕರೆತರುವ ಭಾರ ಮಾಲೀಕನದು. ನಾಲ್ಕು ದಿನ ಆದಮೇಲೂ ಬೋರ್ಡ್ ನೇತಾಡುತ್ತಿದ್ದರೆ ಏನು ಹೇಳುತ್ತಾರೋ ಹೇಳಲಿ.

ಇದರ ಅಪರಾಧಗಳಿಗೆ ಪೊಲೀಸರು ಕೋರ್ಟಿನ ಅಪ್ಪಣೆಗೆ ಕಾಯದೆ ಕೇಸು ಹಾಕಬಹುದು. ಇನ್ನು 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. 2015ರಲ್ಲಿ ತಿದ್ದಿ, 2016ರ ಜನವರಿ 26ರಿಂದ ಜಾರಿಗೆ ಬಂದ ಭಾಗದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಸಾಮಾಜಿಕ ಇಲ್ಲವೇ ಆರ್ಥಿಕ ಬಹಿಷ್ಕಾರ ಹಾಕಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ. ವ್ಯವಹಾರ ಮಾಡಲು ನಿರಾಕರಿಸುವುದೂ ಆರ್ಥಿಕ ಬಹಿಷ್ಕಾರದ ಅರ್ಥದೊಳಗೇ ಬರುತ್ತೆ. ಒಬ್ಬ ಮಾಲೀಕ ಒಂದು ಮನೆ ಕೊಡದಿದ್ದರೆ ಅದು ಬಹಿಷ್ಕಾರವೇ ಅಂತ ಕೋರ್ಟಿನಲ್ಲಿ ಜಗ್ಗಾಟ ಆಗುವುದು ಖಂಡಿತ. ಮನೆಗೆ ನೇರವಾಗಿ ಒಪ್ಪುವುದು ಹಳೇ ಕಾಯ್ದೆಯ 4ನೇ ಕಲಮೇ ಅನ್ನುವುದು ನನ್ನ ವಕೀಲ ಮಿತ್ರರ ಅಭಿಪ್ರಾಯ.

ಹಾಗಾದರೆ ಯಾರೂ ಯಾಕೆ ದೂರು ಕೊಡುವುದಿಲ್ಲ? ಅದಕ್ಕೆ ಕೊನೆಗೆ ಬರುತ್ತೇನೆ.

ಹೆಸರು ಕೇಳಿದ ಕೂಡಲೇ ಫೋನ್ ಕಟ್

ಪರಿಶಿಷ್ಟ ಜಾತಿಯವರಿಗೆ ಇಷ್ಟಾದರೂ ಇದೆ. ಮುಸಲ್ಮಾನರಿಗೆ?

ಖಾಸಗಿ ಕಾಲೇಜೊಂದರಲ್ಲಿ ಪಾಠ ಹೇಳುವ ಮುಸ್ಲಿಂ ಮಿತ್ರರೊಬ್ಬರಿದ್ದಾರೆ. "ನಮ್ಗೆ ಮನೆದೇವ್ರ ಪ್ರಶ್ನೆವರೆಗೂ ಹೋಗೋ ಯೋಗ ಇಲ್ಲ. ಹೆಸ್ರು ಹೇಳ್ತಿದ್ದಂಗೇ ಸಿಗ್ನಲ್ ಹೋಗ್ಬಿಡುತ್ತೆ" ಅನ್ನುತ್ತಾರೆ. ಕೆಲವರು ನೇರವಾಗಿಯೇ ನಿಮ್ಮವರಿಗೆ ಕೊಡಲ್ಲ ಅಂದಿದ್ದಾರಂತೆ. ಪರಿಶಿಷ್ಟರಿಗಾದರೆ ನೆಪ ಹೇಳಬೇಕು, ಇವರಿಗೆ ನೆಪದ ಖರ್ಚೂ ಇಲ್ಲ. ಯಾಕೆಂದರೆ ಖಾಸಗಿ ಮಾಲೀಕ ಧರ್ಮದ ಕಾರಣಕ್ಕೆ ಮನೆ ಇಲ್ಲ ಅಂದರೆ ಹಿಡಿಯಲು ಒಂದು ಕಲಮೂ ಇಲ್ಲ.

ಇದು ಹೊಸ ದೂರೂ ಅಲ್ಲ. 2006ರಲ್ಲೇ ಸಾಚಾರ್ ಸಮಿತಿಯ ವರದಿಯಲ್ಲಿ, ಮುಸ್ಲಿಮರಿಗೆ ತಮ್ಮವರಿಲ್ಲದ ಬಡಾವಣೆಗಳಲ್ಲಿ ಬಾಡಿಗೆಗಾಗಲಿ ಕೊಳ್ಳಲಾಗಲಿ ಮನೆ ಸಿಗುವುದು ಕಷ್ಟ ಅಂತ ದಾಖಲಾಗಿದೆ. 2015ರಲ್ಲಿ ಪ್ರೊ. ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿ ಸುತ್ತಮುತ್ತ ಮಾಡಿದ ಪರೀಕ್ಷೆ ಪ್ರಕಟವಾಯಿತು. ಜಾಹೀರಾತು ನೋಡಿ ಒಂದೇ ಥರದ ಜನ ಫೋನ್ ಮಾಡುವುದು, ಹೆಸರು ಮಾತ್ರ ಬೇರೆ ಬೇರೆ: ಮೇಲ್ಜಾತಿ ಹೆಸರು, ದಲಿತ ಹೆಸರು, ಮುಸ್ಲಿಂ ಹೆಸರು. ದಲಿತ ಹೆಸರಿಗೆ ಬಾಗಿಲು ಕಿರಿದಾಯಿತು, ಮುಸ್ಲಿಂ ಹೆಸರಿಗೆ ಇನ್ನೂ ಕಿರಿದಾಯಿತು. ನಾನು ಒಂದು ಫೋನಿನಲ್ಲಿ ಮಾಡಿದ್ದನ್ನೇ ಅವರು ನೂರಾರು ಫೋನುಗಳಲ್ಲಿ ಮಾಡಿದ್ದಾರೆ ಅಷ್ಟೇ.

ಒಂಟಿ ಹೆಂಗಸರು, ಗಂಡನನ್ನು ಬಿಟ್ಟವರು, ಮದುವೆಯಾಗದ ಹುಡುಗರು, ಮೊಟ್ಟೆ ತಿನ್ನುವವರು... ಇವರಿಗೂ ಯಾವ ಕಾಯ್ದೆಯೂ ಇಲ್ಲ. ನರ್ಸ್ ಒಬ್ಬರಿಗೆ, ನೈಟ್ ಡ್ಯೂಟಿ ಮುಗಿಸಿ ಬೆಳಗಿನ ಜಾವ ಬರ್ತೀರಿ, ಬೀದಿಯವರು ಏನಂದುಕೊಳ್ತಾರೆ ಅಂತ ಮನೆ ತಪ್ಪಿಸಿದ್ದಾರೆ. ಕಾಯಿಲೆ ಬಂದಾಗ ಇದೇ ಬೀದಿಯವರೇ ಆಸ್ಪತ್ರೆಯಲ್ಲಿ ಅಕ್ಕಾ ಅಕ್ಕಾ ಅಂತ ಅವರ ಹಿಂದೆ ಓಡಾಡುವುದು.

ಬಾಡಿಗೆ ಕಾಯ್ದೆ ಅಂತ ಬೇರೆಯೇ ಇದೆಯಲ್ಲ ಅಂದರೆ ಅದರ ಕಥೆ ಹೀಗಿದೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದಲ್ಲಿ ಮನೆ ಖಾಲಿಯಾದರೆ ಮಾಲೀಕ ರೆಂಟ್ ಕಂಟ್ರೋಲರ್‌ಗೆ ತಿಳಿಸಬೇಕಿತ್ತು, ಅವರೇ ಇಂಥವರಿಗೆ ಕೊಡಿ ಅಂತ ಅಲಾಟ್ ಮಾಡಬಹುದಿತ್ತು. ಅಲ್ಲಿ ಮನೆದೇವರ ಕಾಲಂ ಇರಲಿಲ್ಲ. ಅದರಲ್ಲೂ ಸಾಕಷ್ಟು ಗೋಲ್‌ಮಾಲ್ ನಡೆಯಿತು ಅನ್ನುತ್ತಾರೆ ಹಿರಿಯರು, ಇರಲಿ. ಅದರ ಬದಲು 1999ರ ಕಾಯ್ದೆ 2001ರ ಕೊನೆಯ ದಿನ ಜಾರಿಗೆ ಬಂತು. ಆಗ ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500, ಉಳಿದ ಕಡೆ 2,000 ರೂಪಾಯಿ ದಾಟಿದ ಬಾಡಿಗೆಯ ಕಟ್ಟಡಗಳನ್ನು ಕಾಯ್ದೆಯಿಂದ ಹೊರಗೆ ಬಿಟ್ಟರು. 2 ಸಾವಿರಕ್ಕೆ ಈಗ ತುಮಕೂರಿನಲ್ಲಿ ದನದ ಕೊಟ್ಟಿಗೆ ಕೇಳಿ ನೋಡಿ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ, ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ದಾಟಬಾರದು ಅಂತ ಒಳ್ಳೆ ಮಾತಿದೆ. ಜಾತಿ ಧರ್ಮ ನೋಡಿ ಮನೆ ನಿರಾಕರಿಸಬಾರದು ಅಂತ ಒಂದು ಸಾಲೂ ಇಲ್ಲ. ಸಂಸದ ಶಶಿ ತರೂರ್ ಎಲ್ಲ ಬಗೆಯ ತಾರತಮ್ಯ ತಡೆಯುವ ಖಾಸಗಿ ವಿಧೇಯಕವೊಂದನ್ನು ಆ ಹಿಂದಿನ ಲೋಕಸಭೆಯಲ್ಲಿ ಮಂಡಿಸಿದ್ದರು. 2019ರಲ್ಲಿ ಆ ಲೋಕಸಭೆಯ ಅವಧಿ ಮುಗಿಯಿತು, ವಿಧೇಯಕವೂ ಅದರ ಜೊತೆ ಮುಗಿಯಿತು.

ಸೋಜಿಗ ಏನೆಂದರೆ, ಬಾಡಿಗೆ ಅನ್ನುವ ಪದವನ್ನೇ ಹಾಕಿ ತಾರತಮ್ಯ ಕೂಡದು ಅಂತ ಬರೆದ ಎರಡು ಕಾಯ್ದೆ ನಮ್ಮಲ್ಲಿವೆ. ಒಂದು 2017ರ ಎಚ್.ಐ.ವಿ. ಏಡ್ಸ್ ಕಾಯ್ದೆ. ಇನ್ನೊಂದು 2019ರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಕಾಯ್ದೆ. ಇವರಿಗೆ ವಾಸ ಮಾಡಲು, ಕೊಳ್ಳಲು, ಬಾಡಿಗೆಗೆ ಪಡೆಯಲು ಅಡ್ಡಿ ಮಾಡುವ ಹಾಗಿಲ್ಲ ಅಂತ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ ಮಾತು. ಅಂದರೆ ದೆಹಲಿಯಲ್ಲಿ ಕಾಯ್ದೆ ಬರೆಯುವವರಿಗೆ ಆ ವಾಕ್ಯ ಬರೆಯಲು ಬರುತ್ತೆ! ಉಳಿದವರಿಗೆ ಬರೆದಿಲ್ಲ, ಅಷ್ಟೇ.

ಅಮೆರಿಕದವರಿಗೂ ಇದು ಸುಲಭವಾಗಿ ಬರಲಿಲ್ಲ. ಕರಿಯರಿಗೆ ಮನೆ ಕೊಡದ ಬೀದಿಗಳು ಅಲ್ಲಿ ಬೇಕಾದಷ್ಟಿದ್ದವು. ಮಾರ್ಟಿನ್ ಲೂಥರ್ ಕಿಂಗ್ ಅವರನ್ನು 1968ರ ಏಪ್ರಿಲ್ 4ರಂದು ಗುಂಡಿಟ್ಟು ಕೊಂದರು. ಅದಾದ ವಾರಕ್ಕೆ, ಏಪ್ರಿಲ್ 11ರಂದು ವಸತಿ ತಾರತಮ್ಯ ತಡೆ ಕಾಯ್ದೆಗೆ ಅಧ್ಯಕ್ಷ ಜಾನ್ಸನ್ ಸಹಿ ಬಿತ್ತು. ಅದರಲ್ಲೂ ಒಂದು ಕಿಂಡಿ ಇದೆ. ನಾಲ್ಕು ಮನೆಗಿಂತ ಹೆಚ್ಚಿಲ್ಲದ ಕಟ್ಟಡದಲ್ಲಿ ಮಾಲೀಕ ತಾನೂ ವಾಸವಾಗಿದ್ದರೆ ಆ ಕಾಯ್ದೆಯಿಂದ ಬಹುಮಟ್ಟಿಗೆ ವಿನಾಯಿತಿ. ಮನೆ ಬಾಡಿಗೆಗೆ ಬಿಟ್ಟು ಬದುಕುವ ಮುದುಕಿಯೊಬ್ಬಳನ್ನು ಕಲ್ಪಿಸಿಕೊಂಡು ಇದಕ್ಕೆ 'ಮಿಸೆಸ್ ಮರ್ಫಿ' ವಿನಾಯಿತಿ ಅಂತ ಹೆಸರಿಟ್ಟಿದ್ದಾರೆ. ಆದರೆ ಆ ಮರ್ಫಿಯಮ್ಮ ಕೂಡ ಇಂಥವರಿಗೆ ಮಾತ್ರ ಅಂತ ಬೋರ್ಡ್ ಹಾಕುವ ಹಾಗಿಲ್ಲ, ಜಾಹೀರಾತು ಕೊಡುವ ಹಾಗಿಲ್ಲ. ನಮ್ಮೂರಿನ ಬೋರ್ಡುಗಳನ್ನು ಒಂದು ಸಲ ಓದಿಕೊಂಡು ಬನ್ನಿ.

"ಅದು ವ್ಯಾಪಾರ, ಇದು ಮನೆ"

ಹಾರ್ಡ್‌ವೇರ್ ಅಂಗಡಿ ಮಾಲೀಕರ ಹತ್ತಿರವೂ ಹೋದೆ. ಒಬ್ಬರ ಮಾತು ಕೇಳಿ ಬರೆಯುವುದು ಸರಿಯಲ್ಲ. ಪತ್ರಿಕೆಯವನು ಅಂತ ಹೇಳಿಕೊಂಡೇ ಕೂತೆ. ಆ ಯುವಕನ ಹೆಸರು ಎತ್ತಲಿಲ್ಲ. ಟೀ ತರಿಸಿದರು.

ಅವರು ಕೆಟ್ಟವರಲ್ಲ. ಇಪ್ಪತ್ತು ವರ್ಷ ದುಡಿದು, ಬ್ಯಾಂಕ್ ಸಾಲ ಮಾಡಿ ಮೇಲೆ ಎರಡು ಮನೆ ಕಟ್ಟಿದ್ದಾರೆ. ಹಿಂದೊಬ್ಬ ಬಾಡಿಗೆದಾರ ಹನ್ನೊಂದು ತಿಂಗಳು ಬಾಡಿಗೆ ಕೊಡದೆ, ಖಾಲಿಯನ್ನೂ ಮಾಡದೆ ಕೋರ್ಟಿಗೆ ಅಲೆಸಿದನಂತೆ. ಅವನು ಯಾವ ಪೈಕಿ ಅಂತ ಕೇಳಿದೆ. ಸ್ವಲ್ಪ ತಡವರಿಸಿ, "ನಮ್ಮವ್ನೇ ಬಿಡಿ" ಅಂದರು.

"ನೋಡಿ ಸ್ವಾಮಿ, ನಮ್ ತಾಯಿಗೆ ಎಂಬತ್ತೆರಡು. ಮಡಿ ಹುಡಿ ಅಂತಾರೆ. ಅವ್ರ ಮನ್ಸು ನೋಯ್ಸಿ ನಾನೇನ್ ಮಾಡ್ಲಿ? ಓಣಿಯವ್ರು ಬೇರೆ. ನಂಗೇನೂ ಭೇದ ಇಲ್ಲ. ಅಂಗ್ಡೀಲಿ ಮೊಳೆ ತಗೊಳಕ್ ಬಂದವ್ರನ್ನ ಯಾವತ್ತಾದ್ರೂ ಮನೆದೇವ್ರು ಯಾವ್ದು ಅಂತ ಕೇಳಿದೀನಾ?"

"ಕೇಳಿಲ್ಲ. ಕೇಳಿದ್ರೆ ತಪ್ಪಾಗುತ್ತೆ ಅಂತಾನಾ?"

"ಕೇಳಿದ್ರೆ ವ್ಯಾಪಾರ ಎಲ್ಲಾಗುತ್ತೆ! ಅದು ವ್ಯಾಪಾರ, ಇದು ಮನೆ."

"ಇದಕ್ಕೂ ದುಡ್ಡು ತಗೋತೀರಲ್ಲ?"

ಅವರು ಮಾತಾಡಲಿಲ್ಲ. 4ನೇ ಕಲಮು, 12ನೇ ಕಲಮಿನ ವಿಷಯ ಹೇಳಿದೆ. ಟೀ ಲೋಟ ಕೆಳಗಿಟ್ಟರು. "ಜಾತಿ ಅಂತ ನಾನು ಬಾಯ್ಬಿಟ್ಟು ಅಂದಿದೀನಾ?" ಅಂದರು. ಅನ್ನಬೇಕಾಗಿಲ್ಲ ಅನ್ನುವುದೇ ಆ ಕಲಮಿನ ಅರ್ಥ ಅಂದೆ. ಅಷ್ಟರಲ್ಲಿ ಪೈಂಟ್ ಡಬ್ಬ ಕೇಳಿಕೊಂಡು ಗಿರಾಕಿ ಬಂದರು, ನಾನು ಎದ್ದೆ.

ಮಾಲೀಕರ ಹೆದರಿಕೆಯಲ್ಲೂ ಸತ್ಯ ಇದೆ. ಬಾಡಿಗೆ ಕೊಡದವನನ್ನು ಎಬ್ಬಿಸಲು ಕೋರ್ಟಿನಲ್ಲಿ ವರ್ಷಗಟ್ಟಲೆ ಆಗುತ್ತೆ. ಅದಕ್ಕೆ ಅಗ್ರಿಮೆಂಟ್ ಇದೆ, ಅಡ್ವಾನ್ಸ್ ಇದೆ, ಸಂಬಳದ ಚೀಟಿ ಕೇಳಬಹುದು, ಹಿಂದಿನ ಮಾಲೀಕರನ್ನು ವಿಚಾರಿಸಬಹುದು. ಇವೆಲ್ಲ ಬಿಟ್ಟು ಮನೆದೇವರನ್ನು ಜಾಮೀನು ಕೇಳಿದರೆ ಬಾಡಿಗೆ ಬರುವುದಿಲ್ಲ ಅನ್ನೋದನ್ನು ಅವರ ಹಳೇ ಬಾಡಿಗೆದಾರನೇ ತೋರಿಸಿಕೊಟ್ಟಿದ್ದಾನಲ್ಲ.

ಇಂಥದ್ದು ಆದವರು ಏನು ಮಾಡಬೇಕು? ವಕೀಲರು ಹೇಳಿದ್ದು ಇದು. ಬೋರ್ಡಿನ ಫೋಟೋ ತೆಗೆದಿಟ್ಟುಕೊಳ್ಳಿ, ತಾರೀಖು ಕಾಣುವ ಹಾಗೆ. ಮನೆ ನೋಡಲು ಒಬ್ಬರೇ ಹೋಗಬೇಡಿ. ಬಾಡಿಗೆ, ಅಡ್ವಾನ್ಸ್ ಮಾತಾದ ಮೇಲೆ ಇಷ್ಟಕ್ಕೆ ಒಪ್ಪಿದ್ದೀರಲ್ಲ ಅಂತ ವಾಟ್ಸಾಪಿನಲ್ಲಿ ಒಂದು ಸಾಲು ಹಾಕಿ. ಆಮೇಲೆ ಬರುವ ನೆಪವೂ ಅಲ್ಲಿಯೇ ಬರಲಿ. ಅಳಿಸಬೇಡಿ. ದೂರು ಠಾಣೆಗೆ ಕೊಡಬಹುದು. ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ ಅಂತ ಇಂಥ ಕೇಸುಗಳಿಗೇ ಪೊಲೀಸ್ ವಿಭಾಗ ಇದೆ. ಪರಿಶಿಷ್ಟರ ಮೇಲಿನ ದೌರ್ಜನ್ಯದ ದೂರಿಗೆ 14566 ಸಹಾಯವಾಣಿ. ವಕೀಲರ ಫೀಸಿಗೆ ದುಡ್ಡಿಲ್ಲ ಅಂತ ಸುಮ್ಮನಿರಬೇಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗುತ್ತಾರೆ. ಅದರ ಫೋನು 15100.

ಇದಿಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಮೊನ್ನೆ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಆ ಯುವಕನಿಗೆ ಕೊಟ್ಟೆ. ನಿಂತಲ್ಲೇ ಎರಡು ಸಲ ಓದಿದರು. 12ನೇ ಕಲಮಿನ ಹತ್ತಿರ ಬಂದಾಗ "ಹೌದಾ ಸಾರ್?" ಅಂದರು. ಆಮೇಲೆ ಕೇಳಿದರು:

"ಕಂಪ್ಲೇಂಟ್ ಕೊಟ್ರೆ ಮನೆ ಸಿಗುತ್ತಾ?"

ಇಲ್ಲ ಅಂದೆ. ಕಾಯ್ದೆ ಶಿಕ್ಷೆ ಕೊಡುತ್ತೆ, ಬೀಗದ ಕೈ ಕೊಡಿಸುವುದಿಲ್ಲ.

"ಕೊಟ್ಟೆ ಅಂತಿಟ್ಕೊಳ್ಳಿ. ಕೇಸ್ ಹಾಕ್ದೋನು ಇವ್ನೇ ಅಂತ ಬ್ರೋಕರ್‌ಗಳಿಗೆಲ್ಲ ಗೊತ್ತಾಗುತ್ತೆ. ಎಂಟನೇ ಮನೆ ಯಾರ್ ತೋರಿಸ್ತಾರೆ? ನನ್ ಮಗ್ಳಿಗೆ ಜೂನ್‌ಗೆ ಸ್ಕೂಲು."

ಇದಕ್ಕೆ ವಕೀಲರ ಹತ್ತಿರವೂ ಉತ್ತರ ಇರಲಿಲ್ಲ, ನನ್ನ ಹತ್ತಿರವೂ ಇಲ್ಲ. ಚೀಟಿಯನ್ನು ಮಡಿಸಿ ಬಸ್ ಪಾಸಿನ ಕವರಿನೊಳಗೆ ಇಟ್ಟುಕೊಂಡರು. ಬಿಸಾಡಲಿಲ್ಲ. ಮೊದಲು ಮನೆ ಆಗಲಿ ಸಾರ್, ಆಮೇಲೆ ಇದನ್ನ ಬಿಡಲ್ಲ ಅಂದರು.

ಭಾನುವಾರ ಕ್ಯಾತ್ಸಂದ್ರದ ಕಡೆ ಇನ್ನೊಂದು ಮನೆ ನೋಡಲು ಹೋಗುತ್ತಿದ್ದಾರೆ. ಬಸ್ಸು ಹೊರಡುವಾಗ ಕಿಟಕಿಯಿಂದ ತಲೆ ಹಾಕಿ ಹೇಳಿದರು:

"ಓನರ್ ಅಮ್ಮ ಫೋನಲ್ಲಿ ನೀರಿನ್ ಬಗ್ಗೆ ಮಾತ್ರ ಮಾತಾಡಿದ್ರು ಸಾರ್. ಬೇರೆ ಏನೂ ಇನ್ನೂ ಕೇಳಿಲ್ಲ."